ನಮ್ಮೂರ ಪೆಟ್ಟಿಗೆಯ ಮೂವತ್ತೇಳು ಚೀಟಿ

ಮೇ 21, 2019, ಮಂಗಳವಾರ

ಪೆನ್ಸಿಲ್ ಮೂರು ಚೂಪು ಮಾಡಿಟ್ಟೆ. ಚೌಕುಳಿ ಹಾಳೆ ಹತ್ತು. ಕ್ಲಿಪ್ ಇರುವ ರಟ್ಟು. ಮತ ಎಣಿಕೆ ಇರುವುದು ಸೋಮವಾರ, ಇನ್ನೂ ಆರು ದಿನ. ಆದರೂ ಕೈ ಸುಮ್ಮನಿರದು. ಇಪ್ಪತ್ತೊಂದು ವರ್ಷದಿಂದ ಎಣಿಕೆ ಸಭಾಂಗಣದ ಅಡ್ಡಗಟ್ಟೆಗೆ ಎದೆಯೊತ್ತಿ ನಿಂತವಳು ನಾನು. ನಮ್ಮ ಪಕ್ಷದ ಏಜೆಂಟ್, ಗಣಿತದ ಟೀಚರ್ ಮರ್ಡೀನಾ. ಪೆಟ್ಟಿಗೆ ಸುರಿದು ಚೀಟಿ ಬಿಡಿಸುವಾಗಲೇ ಯಾರಿಗೆ ಎಷ್ಟು ಅಂತ ಗೀಟು ಹಾಕಿಕೊಳ್ಳುವುದು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಊರೂರಿನ ಪೆಟ್ಟಿಗೆ ಬೇರೆ ಬೇರೆ ಬರುತ್ತದೆ. ಹಾಗಾಗಿ ಸ್ಕಾಟ್‌ಲ್ಯಾಂಡಿನ ಈ ದ್ವೀಪದಲ್ಲಿ ಯಾವ ಊರಿನ ಮನಸ್ಸು ಎತ್ತ ಅಂತ ಫಲಿತಾಂಶಕ್ಕೆ ಮುಂಚೆಯೇ ನನಗೆ ಗೊತ್ತಿರುತ್ತದೆ. ಒಮ್ಮೆಯೂ ತಪ್ಪಿಲ್ಲ. ಜಂಬ ಇದೆ. ಇರಲಿ.

ಈ ಸಲದ್ದು ವಿಚಿತ್ರ ಚುನಾವಣೆ. ಯುರೋಪ್ ಒಕ್ಕೂಟ ಬಿಡುತ್ತೇವೆ ಅಂತ ಬ್ರಿಟನ್ ಹೇಳಿ ಮೂರು ವರ್ಷವಾಯಿತು. ಬಿಟ್ಟಿಲ್ಲ. ಈಗ ಬಿಡಬೇಕಾದ ಒಕ್ಕೂಟದ ಪಾರ್ಲಿಮೆಂಟಿಗೇ ಸದಸ್ಯರನ್ನು ಆರಿಸಬೇಕು. ನಮ್ಮ ಪಕ್ಷಕ್ಕೆ ಸ್ಕಾಟ್‌ಲ್ಯಾಂಡ್ ಬೇರೆ ದೇಶವಾಗಬೇಕು; ಬ್ರಿಟನ್ ಬೇಡ, ಯುರೋಪ್ ಬೇಕು. ಇದನ್ನು ಮನೆ ಮನೆ ಬಾಗಿಲಲ್ಲಿ ವಿವರಿಸಿ ಗಂಟಲು ಬಿದ್ದುಹೋಗಿದೆ.

ಸಂಜೆ ಅತ್ತಿಗೆ ಮರೂಷಾ ಬಂದಳು. ಅಣ್ಣ ಟಾರ್ಮೊಡ್ ಸ್ಪೇನಿನ ಗಲಿಸಿಯಾಕ್ಕೆ ಸೀಗಡಿ ಮಾರಲು ಹೋಗಿ ಕಟ್ಟಿಕೊಂಡು ಬಂದವಳು. ಇಪ್ಪತ್ತಾರು ವರ್ಷದ ಹಿಂದಿನ ಮಾತು. ಅಣ್ಣ ತೀರಿಕೊಂಡು ಎರಡು ವರ್ಷ. ಪಕ್ಕದ ಮನೆಯಲ್ಲಿ ಅವಳೊಬ್ಬಳೇ, ಈ ಮನೆಯಲ್ಲಿ ನಾನೊಬ್ಬಳೇ.

“ನಮ್ಮಕ್ಕ ಗಲಿಸಿಯಾದಿಂದ ಫೋನ್ ಮಾಡಿದ್ಲು. ಅವಳೂರಿನ ವೃದ್ಧಾಶ್ರಮದಲ್ಲಿ ಕೆಲ್ಸ ಖಾಲಿ ಇದೆಯಂತೆ. ಜೂನ್ ಒಂದಕ್ಕೆ ಹೂಂ ಅಥವಾ ಊಹೂಂ ಹೇಳ್ಬೇಕಂತೆ.”

“ನೀನೇನಂದೆ?”

“ನೋಡ್ತೀನಿ ಅಂದೆ.”

ಓಟ್ಸ್ ಬಿಸ್ಕತ್ತು ಮುಂದಿಟ್ಟೆ. ತಿನ್ನಲಿಲ್ಲ. ಹೋಗಬೇಡ ಅನ್ನಲು ಬಾಯಿ ಬರಲಿಲ್ಲ — ನಮ್ಮ ಮನೆತನದಲ್ಲಿ ಅಂಥ ಮಾತು ಆಡಿ ಯಾರಿಗೂ ಅಭ್ಯಾಸವಿಲ್ಲ.

ಮೇ 23, ಗುರುವಾರ, ಸಂಜೆ 6

ಬೆಳಿಗ್ಗೆ ಶಾಲೆಗೆ ಮುಂಚೆ ವೋಟು ಹಾಕಿದೆ. ಅರ್ಧ ನಿಮಿಷದ ಕೆಲಸ.

ಮಧ್ಯಾಹ್ನ ಮರೂಷಾಳನ್ನು ಮತಗಟ್ಟೆಯಿಂದ ವಾಪಸ್ ಕಳಿಸಿದ್ದಾರೆ. ಪಟ್ಟಿಯಲ್ಲಿ ಹೆಸರು ಇದೆ, ಹೆಸರಿನ ಮೇಲೆ ಗೀಟು. ಯುರೋಪಿನ ಬೇರೆ ದೇಶದವರು ಇಲ್ಲಿ ವೋಟು ಹಾಕಬೇಕಾದರೆ ಎರಡನೆಯದೊಂದು ಫಾರಂ ತುಂಬಬೇಕಿತ್ತಂತೆ. ಅಂಥದ್ದೊಂದು ಇದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಏಜೆಂಟ್ ಅನ್ನಿಸಿಕೊಂಡ ನನಗೂ.

ಊರವರ ಎದುರಿಗೇ ಆಯಿತಂತೆ. ಅಂಗಡಿ ಕ್ರಿಸ್ಸಿ-ಬೆಲ್ ಹಿಂದೆಯೇ ನಿಂತಿದ್ದಳಂತೆ.

“ನಿಂಗೇನೂ ಅನ್ಲಿಲ್ವಾ ಅವ್ಳು?”

“ಛೇ, ಪಾಪ ಅಂದ್ಲು. ಆಮೇಲೆ ಒಳಗ್ಹೋಗಿ ಅವಳ ವೋಟು ಅವಳು ಹಾಕಿದ್ಲು.”

ಆಮೇಲೆ ಹೇಳಿದಳು:

“ದೇಶ ಏನಂತು, ಲಂಡನ್ ಏನಂತು, ನಂಗೆ ಬೇಡ ಮರ್ಡೀನಾ. ಈ ಊರಿನ ಪೆಟ್ಟಿಗೆ ಏನಂತು ಹೇಳು. ನೀನು ಹೇಗೂ ಎಣಿಸ್ತೀಯಲ್ಲ. ಬೆಳಗಾದ್ರೆ ಈ ಊರಿನ ಮುದುಕ್ರನ್ನ ಎಬ್ಬಿಸೋಳು ನಾನು. ಅವ್ರ ಬೆನ್ನು ತಿಕ್ಕಿದೀನಿ, ಉಗುರು ಕತ್ರಿಸಿದೀನಿ. ಅವ್ರಿಗೆ ನಾನು ಬೇಕೋ ಬೇಡ್ವೋ, ಅಷ್ಟೇ. ಬೇಡ ಅಂದ್ರೆ ಹೋಗ್ತೀನಿ.”

“ವೋಟು ಅಂದ್ರೆ ಅದಲ್ವೇ ಮಾರಾಯ್ತಿ.”

“ಮತ್ತೇನು?”

ಹೂಂ, ಎಣಿಸಿ ಹೇಳ್ತೀನಿ ಅಂದೆ. ಮಾತು ಕೊಟ್ಟಾಯಿತು.

ಮೇ 25, ಶನಿವಾರ

ಬೆಳಿಗ್ಗೆಯಿಂದ ಜವುಗಿನಲ್ಲಿ. ಚಳಿಗಾಲದ ಒಲೆಗೆ, ಒಣಗಿಸಿದರೆ ಸೌದೆಯಂತೆ ಉರಿಯುವ ಜವುಗು ಮಣ್ಣಿನ ಹೆಂಟೆ ಕಡಿಯುವ ಕೆಲಸ. ಮರೂಷಾಳ ಪಾಲಿನದ್ದನ್ನು ಕಡಿಯಲು ಹನ್ನೊಂದು ಜನ ಬಂದಿದ್ದರು. ಕರೆದಿರಲಿಲ್ಲ. ಟಾರ್ಮೊಡ್ ಇದ್ದಾಗಲೂ ಬರುತ್ತಿದ್ದರು, ಈಗಲೂ ಬಂದರು. ಮಧ್ಯಾಹ್ನದೊಳಗೆ ಮುಗಿಯಿತು. ಅವಳು ಆಲೂಗಡ್ಡೆ ಆಮ್ಲೆಟ್ ಹಂಚಿದಳು.

ರೂರಿ ಎರಡು ಸಲ ಹಾಕಿಸಿಕೊಂಡ. ರಿಟೈರಾದ ಬಸ್ ಡ್ರೈವರ್. ಒಕ್ಕೂಟ ಬಿಡಲೇಬೇಕು ಅನ್ನುವ ಪಕ್ಷದ ಏಜೆಂಟ್ — ಸೋಮವಾರ ನನ್ನ ಎದುರಿನ ಸಾಲಿನಲ್ಲಿ ನಿಲ್ಲುವವನು.

“ಟೀಚರ್, ಪೆನ್ಸಿಲ್ ಚೂಪು ಮಾಡಿದ್ರಾ?”

“ನಿಂದು ಮೊದ್ಲು ನೋಡ್ಕೋ. ಹೋದ್ಸಲ ನನ್ ಹತ್ರ ಸಾಲ ಇಸ್ಕೊಂಡಿದ್ದೆ.”

ಎಲ್ಲರೂ ನಕ್ಕರು. ಮರೂಷಾ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಇವನೋ? ಇವಳೋ? ನನ್ನ ಮುಖವನ್ನು ನೋಡಲಿಲ್ಲ.

ಮೇ 26, ಭಾನುವಾರ

ಚರ್ಚ್ ಎರಡು ಹೊತ್ತು. ಮಧ್ಯೆ ತಣ್ಣಗಿನ ಮಾಂಸ, ನಿನ್ನೆಯ ಸೂಪು. ಯಾರ ಮನೆಯ ತಂತಿಯ ಮೇಲೂ ಒಂದು ಬಟ್ಟೆಯಿಲ್ಲ. ಯುರೋಪೆಲ್ಲ ಇಂದು ಎಣಿಸುತ್ತದೆ. ನಾವು ಎಣಿಸುವುದಿಲ್ಲ. ಭಾನುವಾರ ಸಬ್ಬತ್, ದೇವರ ದಿನ; ಬಟ್ಟೆ ಒಗೆಯುವಂತಿಲ್ಲ, ಚೀಟಿ ಮುಟ್ಟುವಂತಿಲ್ಲ. ಸ್ಕಾಟ್‌ಲ್ಯಾಂಡಿನ ಪೂರ್ತಿ ಫಲಿತಾಂಶ ನಮ್ಮ ದ್ವೀಪಗಳಿಗಾಗಿ ನಾಳೆಯವರೆಗೆ ಕಾಯಬೇಕು. ಕಾಯಲಿ. ಎಂದೂ ಇಲ್ಲದ ಪ್ರಾಮುಖ್ಯ.

ಟಿವಿಗೆ ಬಟ್ಟೆ ಹೊದಿಸಿದೆ. ಡೈರಿ ಬರೆಯುವುದು ಕೆಲಸವೋ ಅಲ್ಲವೋ... ಪಾದ್ರಿಯನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ನಾಳೆ ಬರದಿದ್ದರೆ ಸಾಕು.

ಮೇ 27, ಸೋಮವಾರ, ಮಧ್ಯಾಹ್ನ 1, ಕಾರಿನಲ್ಲಿ

ಎಣಿಕೆ ಸಭಾಂಗಣದ ಹೊರಗೆ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಮ್ಮೂರ ಪೆಟ್ಟಿಗೆ ಆರನೆಯದು. ಸುರಿದರು. ತೊಂಬತ್ತನಾಲ್ಕು ಚೀಟಿ. ಬಿಡುವವರ ಪಕ್ಷ 37. ನಮ್ಮದು 33. ಒಕ್ಕೂಟದಲ್ಲೇ ಉಳಿಯಬೇಕು ಅನ್ನುವ ಸಣ್ಣ ಪಕ್ಷಗಳು ಎಲ್ಲ ಸೇರಿ 11. ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವ ಎರಡು ಹಳೆಯ ಪಕ್ಷಗಳಿಗೆ 10. ತಿರಸ್ಕೃತ ಚೀಟಿ 3.

ಎದುರು ಸಾಲಿನಿಂದ ರೂರಿ ಹೆಬ್ಬೆರಳು ಎತ್ತಿದ. ಆಮೇಲೆ ಟೀ ಮೇಜಿನ ಹತ್ತಿರ ಬಂದ.

“ಎಲ್ಲರಿಗಿಂತ ಮೇಲೆ ನಾವು ಟೀಚರ್. ಒಕ್ಕೂಟ ಬಿಡಿ ಅಂತು ಊರು.”

“ಮೂವತ್ಮೂರಕ್ಕೆ ಹನ್ನೊಂದು ಕೂಡ್ಸು. ನಲವತ್ನಾಲ್ಕು. ಊರು ಉಳೀರಿ ಅಂತು.”

“ನಿಮ್ಮ ಮೂವತ್ಮೂರೂ ಯುರೋಪ್ ಪ್ರೀತಿಗೆ ಬಿದ್ದಿದ್ದಾ? ಲಂಡನ್ ಮೇಲಿನ ಸಿಟ್ಟಿಗೆ ಬಿದ್ದಿದ್ದು ಎಷ್ಟು? ನನ್ ತಮ್ಮ ನಿಮಗೇ ಹಾಕೋದು. ಒಕ್ಕೂಟ ಬೇಡ ಅಂತ ಮೂರು ವರ್ಷದ ಹಿಂದೆ ಬಡ್ಕೊಂಡೋನೂ ಅವ್ನೇ.”

ನಿಜ. ನಮ್ಮವರಲ್ಲಿ ಹತ್ತಕ್ಕೆ ಮೂವರಾದರೂ ಹಾಗೆ ಅಂತ ನಮ್ಮ ಆಫೀಸಿನಲ್ಲೇ ಪಿಸುಗುಡುತ್ತಾರೆ. ಹತ್ತು ಕಳೆದು ಅತ್ತ ಸೇರಿಸಿದರೆ 34ಕ್ಕೆ 47. ಹಳೆಯ ಪಕ್ಷಗಳ ಹತ್ತನ್ನೂ ಇತ್ತ ಎಳೆದುಕೊಂಡರೆ 44ಕ್ಕೆ 47. ಮತ್ತೊಂದು ಥರ ಕೂಡಿಸಿದೆ, ಇನ್ನೊಂದು ಉತ್ತರ. ಮಕ್ಕಳು ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ ಹೊಂದಿಸಿದರೆ ಸೊನ್ನೆ ಕೊಡುವವಳು ನಾನು.

ಇಲ್ಲಿ ಬರೆದುಬಿಡುತ್ತೇನೆ. ಬೇರೆಲ್ಲೂ ಹೇಳಲಾರೆ. ಆ ಮೂವತ್ತೇಳರಲ್ಲಿ ಒಂದು ನನ್ನದು.

ಗುರುವಾರ ನಮ್ಮ ಪಕ್ಷದ ಬ್ಯಾಡ್ಜ್ ಕೋಟಿನ ಮೇಲಿತ್ತು. ಒಳಗೆ ಹೋದೆ, ಪೆನ್ಸಿಲ್ ಎತ್ತಿದೆ, ಬಿಡುವವರಿಗೆ ಹಾಕಿದೆ. ಟಾರ್ಮೊಡ್ ನೆನಪಾದ. ಒಕ್ಕೂಟ ಗೊತ್ತುಮಾಡಿದ ಕೋಟಾ ಮೀರಿತು ಅಂತ ಒಳ್ಳೆಯ ಮೀನನ್ನು ಸತ್ತದ್ದು ಸತ್ತಂತೆಯೇ ಕಡಲಿಗೆ ಎಸೆದು ಬಂದು, ಊಟ ಬಿಟ್ಟು ಕೂರುತ್ತಿದ್ದ. ಹೆಂಡತಿಯ ದೇಶದವರ ದೊಡ್ಡ ದೋಣಿಗಳು ನಮ್ಮ ಕಡಲಿನಲ್ಲೇ... ಅವಳ ಎದುರಿಗೆ ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮ. ಆ ಚೀಟಿಯ ಮೇಲೆ ಮರೂಷಾಳ ಹೆಸರು ಇರಲಿಲ್ಲ. ಇದ್ದಿದ್ದರೆ ಹಾಕುತ್ತಿರಲಿಲ್ಲ.

ಸಂಜೆ 7

ಮರೂಷಾಗೆ ಹೇಳಿದೆ. ನಲವತ್ನಾಲ್ಕಕ್ಕೆ ಮೂವತ್ತೇಳು, ಊರು ಉಳೀರಿ ಅಂದಿದೆ ಅಂದೆ. ಮುಖ ನೆಟ್ಟಗಿಟ್ಟುಕೊಂಡೇ ಹೇಳಿದೆ.

ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಅತ್ತಳು. ಮೂಗು ಒರೆಸಿಕೊಂಡು ಕೇಳಿದಳು:

“ಮೂವತ್ತೇಳು ಜನಾನಾ? ಅಷ್ಟೊಂದು?”

“ಮೀನಿನ ಸಿಟ್ಟು ಕಣೇ. ನಿನ್ನ ಮೇಲಲ್ಲ.”

“ನಿಂಗೆ ಹೇಗೆ ಗೊತ್ತು?”

ಗೊತ್ತು ಅಂದೆ. ಇದೊಂದು ಮಾತ್ರ ಸುಳ್ಳಲ್ಲ.

ಮೇ 29, ಬುಧವಾರ

ಅಂಗಡಿಯಲ್ಲಿ ರೂರಿ ಊರೆಲ್ಲ ಕೇಳುವಂತೆ ಸಾರಿದ್ದಾನೆ — ನಮ್ಮೂರ ಪೆಟ್ಟಿಗೆ ಒಕ್ಕೂಟ ಬಿಡಿ ಅಂತು, ಟೀಚರಿಗೆ ಕೂಡೋ ಲೆಕ್ಕ ಮರೆತುಹೋಗಿದೆ. ಬ್ರೆಡ್ ತರಲು ಹೋದ ಮರೂಷಾ ಅಲ್ಲೇ ಇದ್ದಳು. ಕ್ರಿಸ್ಸಿ-ಬೆಲ್ ಗಲ್ಲಾದ ಹಿಂದಿನಿಂದ, “ನಿನ್ನ ವಿಷ್ಯ ಅಲ್ಲಮ್ಮಾ, ನೀನು ನಮ್ಮೋಳು!” ಅಂದಳಂತೆ. ಮರೂಷಾ ಬ್ರೆಡ್ ಅಲ್ಲೇ ಇಟ್ಟು, “ಹಾಗಾದ್ರೆ ನೀನೂ ಹಾಕಿದ್ಯಾ?” ಅಂತ ಕೇಳಿದಳಂತೆ.

“ಹೂಂ ಮತ್ತೆ.”

ಅಲ್ಲಿಂದ ಶುರುವಾಗಿದೆ. ಕೆಲಸಕ್ಕೆ ಹೋಗುವ ಮನೆಯಲ್ಲೆಲ್ಲ ಕೇಳುತ್ತಿದ್ದಾಳೆ, ಹೋಗದ ಮನೆಗೂ ಹೋಗಿ ಕೇಳುತ್ತಿದ್ದಾಳೆ. ಯಾರೂ ಮುಚ್ಚಿಡುತ್ತಿಲ್ಲವಂತೆ. ನಾಚಿಕೆಯ ಕೆಲಸ ಅಂತ ಅವರಿಗೆ ಅನ್ನಿಸಿಯೇ ಇಲ್ಲ. ತೊಂಬತ್ತಮೂರರ ಮುದುಕ ಕೆನೆತ್ ಟಬ್ಬಿನಲ್ಲಿ ಕೂತೇ ಹೇಳಿದನಂತೆ:

“ಬಿಡೋರಿಗೇ ಹಾಕ್ದೆ ಕಣಮ್ಮ. ನಮ್ ಕಡಲು ನಮಗೆ ಬರ್ಲಿ. ನೀರು ತಣ್ಣಗಾಯ್ತು, ಬಿಸೀದು ಸ್ವಲ್ಪ ಹಾಕು.”

“ಬಿಸಿನೀರು ಹಾಕ್ದೆ,” ಅಂದಳು ಮರೂಷಾ. “ಇನ್ನೇನು ಮಾಡ್ಲಿ?”

ಇದನ್ನೆಲ್ಲ ಬೇಲಿಯಾಚೆ ನಿಂತು ಹೇಳಿದಳು. ಒಳಗೆ ಬರಲಿಲ್ಲ. ನಾನು ಸುಳ್ಳು ಹೇಳಿದೆ ಅಂತ ಬೈಯಲೂ ಇಲ್ಲ. ಬೈದಿದ್ದರೆ ಮೇಲಿತ್ತು.

ಮೇ 31, ಶುಕ್ರವಾರ, ಸಂಜೆ 4

ನಿನ್ನೆ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಶಾಲೆಯಿಂದ ಬಂದು, ಅವಳ ಕಾರು ಮನೆ ಮನೆ ಮುಂದೆ ನಿಲ್ಲುವುದನ್ನು ಕಿಟಕಿಯಿಂದ ನೋಡುತ್ತ ಕೂತಿದ್ದೆ. ಮಕ್ಕಳ ಪೇಪರು ಹಾಗೇ ಬಿದ್ದಿವೆ.

ಇವತ್ತು ಬಂದಳು. ಬಾಗಿಲು ತಟ್ಟಿದಳು. ಈ ಊರಿನಲ್ಲಿ ಯಾರೂ ತಟ್ಟುವುದಿಲ್ಲ, ನೇರ ಒಳಗೆ ಬರುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ತಟ್ಟಿದ್ದಾಳೆ.

ಕೂರಲಿಲ್ಲ.

“ಮೂವತ್ತೇಳು ಅಂದ್ಯಲ್ಲ ಮರ್ಡೀನಾ.”

“ಹೂಂ.”

“ಮೂವತ್ತಾರು ಜನ ಮುಚ್ಚಿಡದೆ ಹೇಳಿದ್ರು. ಹೆಸ್ರು ಬರ್ಕೊಂಡಿದೀನಿ. ನಿನ್ನ ಥರಾನೇ, ಗೀಟು ಹಾಕಿ.”

ಕೆಟಲ್ ಕುದಿಯುತ್ತಿತ್ತು, ಆರಿಸಲು ಕೈ ಏಳಲಿಲ್ಲ.

“ಒಬ್ರ ಮೇಲೂ ಸಿಟ್ಟಿಲ್ಲ ನಂಗೆ. ನನ್ನ ಕಣ್ಣು ನೋಡಿ ಹೇಳಿದ್ರು, ಆಮೇಲೆ ಟೀ ಕೊಟ್ರು. ಅಂಥೋರ ಜೊತೆ ಬದುಕ್ಬೋದು. ಹೇಳದೇ ಇರೋರ ಜೊತೆ ಆಗಲ್ಲ.”

“ಮರೂಷಾ—”

“ಈಗ ಬೇಡ. ಒಂದು ಮನೇಲಿ ಮಾತ್ರ ಕೇಳಿಲ್ಲ ನಾನು. ಕೇಳೋದೂ ಇಲ್ಲ. ನಾಳೆ ಹತ್ತು ಗಂಟೆಗೆ ಅಕ್ಕಂಗೆ ಫೋನ್ ಮಾಡ್ತೀನಿ.”

ಬಾಗಿಲು ಮೆತ್ತಗೆ ಎಳೆದುಕೊಂಡು ಹೋದಳು.

ಜೂನ್ 1, ಶನಿವಾರ, ಬೆಳಿಗ್ಗೆ 9.40

ಕೋಟು ಹಾಕಿಕೊಂಡಿದ್ದೇನೆ. ಬೂಟೂ. ಅವಳ ಅಡುಗೆಮನೆಯಲ್ಲಿ ಅವಳ ತಲೆ ಕಾಣಿಸುತ್ತಿದೆ, ಫೋನಿನ ಹತ್ತಿರ ಕೂತಿದ್ದಾಳೆ. ಮೂವತ್ತು ಹೆಜ್ಜೆ.

ಏನು ಹೇಳಲಿ? ಟಾರ್ಮೊಡ್‌ಗೋಸ್ಕರ ಹಾಕಿದೆ ಅನ್ನಲೇ? ಅದೂ ಪೂರ್ತಿ ನಿಜವಲ್ಲ. ಸತ್ತವನ ಹೆಗಲ ಮೇಲೆ ಹೊರಿಸುವುದು ಸುಲಭ. ನನಗೇ ಸಿಟ್ಟಿತ್ತು. ಎಲ್ಲರ ಮೇಲೆ — ಲಂಡನ್, ಬ್ರಸೆಲ್ಸ್, ನನ್ನದೇ ಪಕ್ಷ, ನನ್ನನ್ನು ಬಿಟ್ಟುಹೋದ ಅಣ್ಣ. ಅರ್ಧ ನಿಮಿಷ ಯಾರೂ ನೋಡದ ಜಾಗ ಸಿಕ್ಕಿತು, ಹಾಕಿದೆ. ಅದನ್ನು ಹೀಗೇ ಹೇಳಬೇಕು. ಕೂಡುವುದಿಲ್ಲ, ಕಳೆಯುವುದಿಲ್ಲ. ನಾನು ಹಾಕಿದೆ ಅಂತ ಮೊದಲು, ಹೋಗಬೇಡ ಅಂತ ಆಮೇಲೆ. ಅದಲು ಬದಲಾದರೆ ಅವಳು ನಂಬುವುದಿಲ್ಲ.

9.52. ಎದ್ದಳು. ಫೋನ್ ಕೈಗೆ ತೆಗೆದುಕೊಂಡಳು... ಇನ್ನೂ ಎಂಟು ನಿಮಿಷ ಇದೆಯಲ್ಲೇ, ತಡಿ, ಹೊರಟೆ, ನಾನೇ ಬಂದು