ಅಜ್ಜಿಯನ್ನು ಅಜ್ಜನ ಊರಲ್ಲಿ ಹುಡುಕಿದವರಿಗೆ

ಹಳೆಯ ನೆರೆ ಪರಿಹಾರದ ದಾಖಲೆಗಳನ್ನು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಅಜ್ಜಿ ರುಕಿಯಾಳನ್ನು ಅಜ್ಜನ ಊರಿನ ಕಡತದಲ್ಲಿ ಹುಡುಕಿ 'ಸಿಗಲಿಲ್ಲ' ಎಂದು ಬರೆದಿದ್ದೀರಿ. ಹೇಗೆ ಸಿಕ್ಕಾಳು? ನಮ್ಮ ಬ್ಯಾರಿಗಳಲ್ಲಿ ಆಗ ಮದುವೆಯಾದ ಗಂಡಸೇ ಹೆಂಡತಿಯ ಮನೆಗೆ ಬರುತ್ತಿದ್ದ. ಅಜ್ಜಿ ಬಾಳಿದ್ದು ತನ್ನ ತಾಯಿಮನೆಯಲ್ಲಿ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಆ ಊರಿನ ಹೆಸರು ಸಹಿತ ಇದನ್ನೇ ಬರೆದಿದ್ದೆ. ಫೋನಿನಲ್ಲಿ ತಮ್ಮ ಗುಮಾಸ್ತರು, "ಅದೆಲ್ಲ ಆಗುದಿಲ್ಲ, ಗಂಡನ ಊರು ಹೇಳಿ" ಎಂದರು. ಕರಾವಳಿಯಲ್ಲೇ ಕುರ್ಚಿ ಹಾಕಿಕೊಂಡ ಕಚೇರಿಗೆ ಕರಾವಳಿಯ ಸಂಸಾರ ಇಷ್ಟು ಅಪರಿಚಿತವೇ?

ಹೊಳೆ ಉಕ್ಕಿ ಮನೆ ಹೋದ ವರ್ಷ ವಿಧವೆ ಅಜ್ಜಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಸರಕಾರದ ಗಂಜಿ ಕೇಂದ್ರ ಸೇರಿದಳು. ಜ್ವರ ಬಂದು ಅಲ್ಲಿಯೇ ತೀರಿಕೊಂಡಳು. ಮಕ್ಕಳನ್ನು ಸಾಕುತ್ತೇವೆಂದು ಎರಡು ಮನೆಯವರು ಬಂದರು. ಕೂಸಾಗಿದ್ದ ನನ್ನ ಅಮ್ಮ ಒಂದು ಕಡೆ, ಅಕ್ಕ ಆಯಿಷಮ್ಮ ಇನ್ನೊಂದು ಕಡೆ. ಯಾವ ಮಗು ಯಾರ ಮನೆಗೆ ಎಂಬುದನ್ನು ಅಧಿಕಾರಿ ಬರೆದುಕೊಂಡರೆಂದು ಅಮ್ಮನನ್ನು ಸಾಕಿದವರು ಹೇಳುತ್ತಿದ್ದರು. ಅಮ್ಮ ಅಕ್ಕನ ಮುಖ ಮತ್ತೆ ಕಾಣಲಿಲ್ಲ. ಹೋದ ವರ್ಷ ಅಮ್ಮನೂ ಹೋದಳು, ಅವಳಿದ್ದ ಬಾಡಿಗೆ ಮನೆಯೂ ಬೇರೆಯವರ ಪಾಲಾಯಿತು.

ಸಂಬಂಧ ಸಾಬೀತಿಗೆ ವಂಶವೃಕ್ಷ ತನ್ನಿ ಎಂದೂ ಅಪ್ಪಣೆ ಕೊಡಿಸಿದ್ದೀರಿ. ಅದು ನನ್ನಲ್ಲಿದ್ದಿದ್ದರೆ ತಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದೆ, ಸ್ವಾಮೀ?

ನನಗೆ ಅಪ್ಪನಿಲ್ಲ, ಒಡಹುಟ್ಟಿದವರಿಲ್ಲ, ಮದುವೆಯೂ ಆಗಲಿಲ್ಲ. ಇಲ್ಲಿ ಕತಾರಿನ ಅಲ್ ವಕ್ರಾದಲ್ಲಿ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದರೆ ರೂಮಿನವರೆಲ್ಲ ಫೋನ್ ಕಾರ್ಡಿನ ನಂಬರು ಗೀರಿ ತೆಗೆದು ಊರಿಗೆ ಫೋನು ಮಾಡುತ್ತಾರೆ. ನಾನು ಅಷ್ಟೂ ಹೊತ್ತು ಬಟ್ಟೆ ಒಗೆಯುತ್ತೇನೆ. ತುಂಬಾ ಒಂಟಿ ಅನಿಸುತ್ತದೆ, ಮಾನ್ಯರೇ. ತಮ್ಮ ಉತ್ತರವನ್ನು ರೂಮಿನ ಹಿರಿಯ ಮೂಸಬ್ಬನವರಿಗೆ ಓದಿ ಹೇಳಿದೆ.

"ಎಂತ ಮಾರಾಯ, ಅಜ್ಜಿಯನ್ನು ಅಜ್ಜನ ಊರಲ್ಲಿ ಹುಡುಕಿದ್ರಾ? ಖಲಾಸ್, ಇನ್ನು ಸಿಕ್ಕಿದ ಹಾಗೆ" ಎಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಈ ಸಲ ರಜೆಗೆ ಎಲ್ಲಿಗೆ ಹೋಗ್ತಿ?"

ಕಂಪನಿ ಮಂಗಳೂರಿಗೆ ಟಿಕೆಟ್ ಕೊಟ್ಟಿದೆ. ವಿಮಾನ ಇಳಿದ ಮೇಲೆ ಟ್ಯಾಕ್ಸಿಯವನಿಗೆ ಯಾವ ಊರು ಹೇಳಲಿ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಜ್ಜಿಯ ತಾಯಿಮನೆಯ ಊರಿನ ಕಡತ ತೆರೆಸಿ. ಆಯಿಷಮ್ಮನನ್ನು ಕರೆದೊಯ್ದ ಮನೆಯ ಹೆಸರು ತಿಳಿಸಿ. ದೊಡ್ಡಮ್ಮ ಬದುಕಿದ್ದರೆ ಅರವತ್ತು ದಾಟಿರಬೇಕು. ಅಮ್ಮ ತೀರಿಹೋದ ಸುದ್ದಿ ಆಕೆಗೆ ಇನ್ನೂ ಯಾರೂ ಹೇಳಿಲ್ಲ, ಹೇಳಬೇಕಾದವನು ನಾನೊಬ್ಬನೇ.

ಇಂತಿ,
ಟಿಕೆಟ್ ಇದ್ದೂ ಹೋಗಲು ಮನೆಯಿಲ್ಲದ,
ರುಕಿಯಾಳ ಮಗಳ ಮಗ
ಅಝರ್
ಅಲ್ ವಕ್ರಾ, ಕತಾರ್, ೨೦೦೭