ಹೊಲಿದ ಕೊನೆಯ ಅಧ್ಯಾಯ

ಕರುಣಾಬಾಯಿ ಟೀಚರ್ ಅವರಿಗೆ,

ಆಳಂದದ ಚರ್ಚಿನ ಹಿಂದೆ ನಿಮ್ಮನ್ನು ಮಣ್ಣು ಮಾಡಿ ಮೂರು ವರ್ಷವಾಯಿತು. ಆದರೂ ಇದನ್ನು ನಿಮಗೆ ಹೇಳದೆ ಉಸಿರಾಡಲು ಆಗುತ್ತಿಲ್ಲ.

ನೀವು ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಾಗ ಓಣಿಯ ವಾಚನಾಲಯಕ್ಕೆ ಕೊಟ್ಟ ಕಾದಂಬರಿಗಳು ಇಂದು ರದ್ದಿಯವನ ಗಾಡಿಯಲ್ಲಿದ್ದವು. ರೋಮಿನ ಸೆರೆಮನೆಗಳು, ಮಠದೊಳಗಿನ ಕೊಲೆಗಳು, ಒಲೆಯ ಮೇಲೆ ರೊಟ್ಟಿ ಸೀಯುವಂತೆ ಮಾಡಿದ ಪುಸ್ತಕಗಳು. ವಾಚನಾಲಯ ನೋಡಿಕೊಳ್ಳುವ ಗುರುಶಾಂತನ ಮೇಲೆ ಹರಿಹಾಯ್ದೆ.

"ಒಂದರೆ ಓದೀಯೇನಲೇ?"

"ಓದೋದ್ಯಾಕ್ರಿ ಅಕ್ಕೋರೆ, ಮ್ಯಾಲೆ ಶಿಲುಬಿ ಅದಲ್ರಿ. ಇವು ಬ್ಯಾಡಂತ ಟೀಚರ್ ಇಲ್ಲೇ ಇದ್ದಾಗ್ಲೇ ಓಣಿಯವರು ಅರ್ಜಿ ಕೊಟ್ಟಿದ್ರು. ನಿಮ್ಮ ಸಹೀನೂ ಅದ ನೋಡ್ರಿ."

ಕಾಗದ ಚಾಚಿದ. ನಾನು ನೋಡಲಿಲ್ಲ, ನನಗೆ ನೆನಪಿದೆ.

ನೀವು ಕೊನೆಯದಾಗಿ ಓದಲು ಕೊಟ್ಟ ಪುಸ್ತಕ ಮಾತ್ರ ನನ್ನ ಬಳಿ ಉಳಿದಿದೆ. ನಾನು ಕೊನೆಯನ್ನು ಮೊದಲೇ ಕದ್ದು ಓದುತ್ತೇನೆಂದು ನೀವು ಕಡೆಯ ಅಧ್ಯಾಯವನ್ನು ಕೆಂಪು ದಾರದಿಂದ ಹೊಲಿದೇ ಕೊಡುತ್ತಿದ್ದಿರಿ. "ತಪ್ಪು ಮಾಡಿದವರು ಯಾರಂತ ನನ್ನ ಮುಂದ ಬಂದು ಹೇಳು ಬೇ, ಆಮ್ಯಾಲೆ ದಾರ ಕತ್ತರಸ್ತೇನಿ" ಎಂದು ನಗುತ್ತಿದ್ದಿರಿ.

ನೆಲಮಾಳಿಗೆಯಲ್ಲಿ ಗುಟ್ಟಾಗಿ ಪ್ರಾರ್ಥಿಸುವವರನ್ನು ಸೈನಿಕರಿಗೆ ಹಿಡಿದುಕೊಟ್ಟವರು ಯಾರು ಎಂಬುದೇ ಆ ಕಥೆ. ನನಗೆ ಆಗಲೇ ಹೊಳೆದಿತ್ತು: ದಿನವೂ ಅವರ ಜೊತೆ ಕೂತು ಉಣ್ಣುತ್ತಿದ್ದ ನೆರೆಮನೆಯವಳು. ಅದನ್ನು ಹೇಳಲು ಬರಬೇಕೆಂದಿದ್ದ ವಾರವೇ ಆ ಅರ್ಜಿ ಸಹಿಗಾಗಿ ನಮ್ಮ ಮನೆಗೆ ಬಂತು. ಆಮೇಲೆ ನಿಮ್ಮ ಬಾಗಿಲು ತಟ್ಟಲಿಲ್ಲ.

ಕತ್ತರಿ ಇಲ್ಲೇ ಇದೆ, ಟೀಚರ್. ದಾರ ಹಾಗೆಯೇ ಇದೆ. ನನ್ನ ಊಹೆ ತಪ್ಪೆಂದು ಒಮ್ಮೆ ಹೇಳಿರಿ.

ಶಿವಗಂಗಾ