ಗುಡ್ಡ ಹತ್ತಿದ ಡೀಸೆಲ್ ಜೀಪು

ಭಾನುವಾರ, ಹದಿನಾಲ್ಕನೇ ತಾರೀಖು

ಗಾರೇಜಿಗೆ ಬೀಗ ಹಾಕಿ ಬಾ ಎಂದು ಬರೆದ ಯಜಮಾನರಿಗೆ,

ನಮಸ್ಕಾರ. ಬೀಗ ಬೀಳಲಿಲ್ಲ. ಜೀಪು ಗುಡ್ಡ ಹತ್ತಿತು! ಕೂತುಕೊಂಡು ಓದಿ.

ನೀವು ಸಿಟ್ಟು ಮಾಡಿಕೊಂಡು ಆ ದೊಡ್ಡ ಷೋರೂಮಿನ ಕೆಲಸಕ್ಕೆ ಹೋಗಿ ಎಂಟು ತಿಂಗಳಾಯಿತು. ಹೆಂಗಸು ಸ್ಪ್ಯಾನರ್ ಹಿಡಿದರೆ ಗಿರಾಕಿ ಬರಲ್ಲ ಅಂದಿದ್ದಿರಿ. ನಿಜ, ಬರಲಿಲ್ಲ. ಬಂದವರು ನರ್ಸಮ್ಮ ಒಬ್ಬರೇ. ಗುಡ್ಡದ ಮೇಲಿನ ಮನೆಗಳಿಗೆ ಔಷಧಿ ಒಯ್ಯುವ ಅವರ ಮುದಿ ಜೀಪಿನ ಪೆಟ್ರೋಲ್ ಎಂಜಿನ್ ಪ್ರಾಣ ಬಿಟ್ಟಿತ್ತು. ಡೀಸೆಲ್ ಎಂಜಿನ್ ಕೂರಿಸಿ ಗುಡ್ಡ ಹತ್ತಿಸಿದರೆ ಆಸ್ಪತ್ರೆಯ ಗಾಡಿಗಳೆಲ್ಲ ರಿಪೇರಿಗೆ ನಿನ್ನ ಹತ್ತಿರವೇ ಅಂದರು. ಹತ್ತದಿದ್ದರೆ ಬೀಗ ಹಾಕಿ ಬರುತ್ತೇನೆ ಅಂತ ನಿಮಗೆ ಬರೆದೆನಲ್ಲ.

ಹಳೇ ವ್ಯಾನಿನ ಎಂಜಿನ್ ತಂದು ಚೈನಿನಲ್ಲಿ ಇಳಿಸಿದರೆ, ಅದರ ತಳದಲ್ಲಿ ಎಣ್ಣೆ ತುಂಬುವ ಆಯಿಲ್ ಚೇಂಬರ್ ಮುಂದಿನ ಆಕ್ಸಲ್‌ನ ಒಂದು ಪಕ್ಕಕ್ಕಿರುವ ಗಿಯರಿನ ಗುಂಡು ಉಬ್ಬಿಗೆ ತಗುಲಿತು. ನಾನು ಮಹಾ ಬುದ್ಧಿವಂತೆ! ಆಕ್ಸಲನ್ನೇ ತಲೆಕೆಳಗು ಮಾಡಿ ಆ ಉಬ್ಬನ್ನು ಇನ್ನೊಂದು ಪಕ್ಕಕ್ಕೆ ತಂದೆ. ಎಂಜಿನ್ ಹೇಳಿ ಮಾಡಿಸಿದ ಹಾಗೆ ಕೂತಿತು. ರಸ್ತೆಯಲ್ಲಿ ಹಿಂದಿನ ಚಕ್ರಗಳ ಎಳೆತದಲ್ಲಿ ಚೆನ್ನಾಗಿಯೇ ಓಡಿತು. ಗುಡ್ಡದ ಬುಡದಲ್ಲಿ ನಾಲ್ಕು ಚಕ್ರಕ್ಕೂ ಎಳೆತ ಕೊಟ್ಟೆ ನೋಡಿ, ಹಿಂದಿನವು ಮುಂದಕ್ಕೆ, ಮುಂದಿನವು ಹಿಂದಕ್ಕೆ! ಎತ್ತು ಏರಿಗೆಳೆದರೆ ಕೋಣ ನೀರಿಗೆ. ಆಕ್ಸಲ್ ತಲೆಕೆಳಗಾದರೆ ಚಕ್ರ ಉಲ್ಟಾ ತಿರುಗುತ್ತೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಿಮ್ಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು, ಥೇಟ್ ನನ್ನ ಮಗ ಸೊಸೆಯ ಸಂಸಾರ ಕಣೇ ಅಂತ.

ಅವತ್ತು ಅತ್ತುಬಿಟ್ಟೆ. ಮಾರನೇ ದಿನ ಎಲ್ಲ ಬಿಚ್ಚಿ ಹಾಕಿದೆ. ಆಕ್ಸಲನ್ನು ಮೊದಲಿನ ಹಾಗೇ ಕೂರಿಸಿ, ಚೇಂಬರನ್ನು ಕತ್ತರಿಸಿ, ಆ ಉಬ್ಬಿಗೆ ಜಾಗ ಬಿಟ್ಟು ಬೆಸುಗೆ ಹಾಕಿದೆ. ಅತ್ತೆ ಅದಕ್ಕೆ ನೀರು ತುಂಬಿ, ಒಂದು ಹನಿಯೂ ಸೋರದ್ದನ್ನು ನೋಡಿ ಭೇಷ್ ಅಂದರು.

ನಿನ್ನೆ ಬೆಳಿಗ್ಗೆ ನಮ್ಮ ಬೀದಿಯವರೆಲ್ಲ ಗುಡ್ಡದ ಬುಡದಲ್ಲಿ. ಜೀಪು ಗಡಗಡ ಅಂತ, ಕಲ್ಲು ಜಾರಿದರೂ ಜಗ್ಗದೆ, ಎಲ್ಲೂ ನಿಲ್ಲದೆ ತುದಿ ಮುಟ್ಟಿತು. ಹಾರ್ನ್ ಒತ್ತಿದ್ದೇ ಒತ್ತಿದ್ದು! ಕೆಳಗೆ ನಿಮ್ಮಮ್ಮ ಸೆರಗು ಬೀಸುತ್ತಿದ್ದರು. ನಾಳೆ ಆಸ್ಪತ್ರೆಯ ಮೂರು ಗಾಡಿ ಬರುತ್ತವೆ.

ಕೈ ತುಂಬ ಕೆಲಸವಿದೆ. ಬರುವುದಾದರೆ ಬನ್ನಿ. ಆದರೆ ಇಲ್ಲಿ ಮೇಸ್ತ್ರಿ ನಾನೇ.

ಇಂತಿ,
ನಿಮ್ಮ ಮಾತು ಕೇಳದ ಹೆಂಡತಿ

ತಾ.ಕ.: ತುದಿ ಮುಟ್ಟಿದ ತಕ್ಷಣ ಪಕ್ಕದ ಸೀಟಿನ ಕಡೆ ತಿರುಗಿ, ರೀ, ನೋಡಿದ್ರಾ ಅಂದುಬಿಟ್ಟೆ. ಅಲ್ಲಿ ಕೂತಿದ್ದವರು ನರ್ಸಮ್ಮ. ಪಾಪ, ನಿಮ್ಮ ಬದಲು ಅವರೇ ಹೂಂ ಅಂದರು.